ಬಹುಮಾನದ ಡಬ್ಬ

ಕಳೆದ ಡಿಸೆಂಬರಿನಲ್ಲಿ ಕುಮಟಾದ ಕಾಲೇಜೊಂದರವರು ಚರ್ಚಾಸ್ಪರ್ಧೆಗೆ ನಿರ್ಣಾಯಕಿಯಾಗಿ ಬನ್ನಿ ಅಂತ ಕರೆದರು. ನಿವೃತ್ತ ಕನ್ನಡ ಟೀಚರಿಗೆ ವರ್ಷಕ್ಕೆ ಇಂಥ ಮೂರ್ನಾಲ್ಕು ಕರೆ ಬರುತ್ತವೆ. ಒಂದು ಶಾಲು, ಒಂದು ಪುಸ್ತಕ, ಒಂದು ಪ್ಲೇಟು ಅವಲಕ್ಕಿ. ವಿಷಯ ಏನು ಅಂತ ಮೊದಲೇ ಕೇಳುವ ರೂಢಿ ನನಗಿಲ್ಲ. ಹೋಗಿ ಕೂತ ಮೇಲೆ ವೇದಿಕೆಯ ಬ್ಯಾನರಿನಲ್ಲಿ ಓದಿದೆ: ‘ಗರ್ಭಪಾತ ಹೆಣ್ಣಿನ ಹಕ್ಕು’. ಪರ-ವಿರೋಧ, ತಲಾ ನಾಲ್ಕು ನಿಮಿಷ.

ವಿರೋಧದ ಕಡೆಯಿಂದ ಬಂದ ಮೂರನೆಯ ಹುಡುಗಿ ಮೈಕನ್ನು ತನ್ನೆತ್ತರಕ್ಕೆ ಇಳಿಸಿಕೊಂಡಳು, ಕಣ್ಣು ಮುಚ್ಚಿದಳು, ಸ್ವರವನ್ನು ಎಳೆಗೂಸಿನದು ಮಾಡಿಕೊಂಡು ‘ಅಮ್ಮಾ’ ಅಂದಳು. ‘ಅಮ್ಮಾ, ನಾನಿನ್ನೂ ನಿನ್ನ ಮುಖವನ್ನೇ ನೋಡಿಲ್ಲ.’ ಸಭೆ ಗಪ್‌ಚಿಪ್. ಅಂಕ ಬರೆಯುತ್ತಿದ್ದ ನನ್ನ ಪೆನ್ನು ಅಲ್ಲೇ ನಿಂತಿತು. ಆ ವಾಕ್ಯ ನನ್ನದು. ನಾನೂ ಅದನ್ನು ಯಾರಿಂದಲೋ ಕೇಳಿ ಕದ್ದದ್ದೇ. ಆದರೆ 1985ರ ಫೆಬ್ರವರಿಯಲ್ಲಿ, ಹೊನ್ನಾವರದಲ್ಲಿ, ಅದೇ ಎಳೆ ಸ್ವರದಲ್ಲಿ, ಅದೇ ಜಾಗದಲ್ಲಿ ಉಸಿರು ಹಿಡಿದು ನಿಲ್ಲಿಸಿ ಅದನ್ನು ಹೇಳಿ ಮೊದಲ ಬಹುಮಾನ ತಗೊಂಡಿದ್ದೆ. ಬಹುಮಾನ ಒಂದು ಸ್ಟೀಲ್ ಡಬ್ಬ. ಮುಚ್ಚಳದ ಮೇಲೆ ‘ಪ್ರಥಮ, ಚರ್ಚಾಸ್ಪರ್ಧೆ, 1985’ ಅಂತ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದರು.

ಆ ಭಾಷಣಕ್ಕೆ ನಾನು ಹದಿನೈದು ದಿನ ಓದಿದ್ದೆ. ನನಗಾಗ ಇಪ್ಪತ್ತು. ಶರಾವತಿಯ ದಂಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಬಿ.ಎ. ಓದುವ ಹವ್ಯಕರ ಮನೆಯ ಹುಡುಗಿ. ಅಪ್ಪನಿಗೆ ಯಕ್ಷಗಾನದ ಹುಚ್ಚು, ಹಾಗಾಗಿ ನನ್ನ ವಾದಕ್ಕೆ ಮಹಾಭಾರತದ್ದೇ ಬೆನ್ನೆಲುಬು. ಸುಭದ್ರೆಯ ಹೊಟ್ಟೆಯಲ್ಲಿದ್ದುಕೊಂಡೇ ಚಕ್ರವ್ಯೂಹದ ಕತೆಗೆ ಹೂಂಗುಟ್ಟಿದ ಅಭಿಮನ್ಯು. ಉತ್ತರೆಯ ಗರ್ಭಕ್ಕೆ ಅಸ್ತ್ರ ಬಿಟ್ಟು ಚಿರಕಾಲದ ಶಾಪ ಹೊತ್ತ ಅಶ್ವತ್ಥಾಮ. ಅದೇ ಮಹಾಭಾರತದಲ್ಲಿ, ಎರಡು ವರ್ಷ ಹೊತ್ತೂ ಹೆರಿಗೆಯಾಗದೆ ಬೇಸತ್ತು ತನ್ನ ಹೊಟ್ಟೆಗೆ ತಾನೇ ಗುದ್ದಿಕೊಂಡ ಗಾಂಧಾರಿಯೂ ಇದ್ದಾಳೆ. ಅವಳನ್ನು ಸದ್ದಿಲ್ಲದೆ ಬಿಟ್ಟೆ. 1979ರ ನೊಬೆಲ್ ಭಾಷಣದಲ್ಲಿ ಮದರ್ ತೆರೇಸಾ ಗರ್ಭಪಾತವೇ ಶಾಂತಿಯ ದೊಡ್ಡ ಶತ್ರು ಅಂದದ್ದನ್ನು ಕೊನೆಗಿಟ್ಟುಕೊಂಡೆ. ಕಾಸರವಳ್ಳಿಯವರ ‘ಘಟಶ್ರಾದ್ಧ’ ಸಿನಿಮಾದ ಯಮುನಕ್ಕನನ್ನೂ ಬಿಡಲಿಲ್ಲ. ಬಸಿರಾದ ವಿಧವೆಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಗಟ್ಟಿದವರ ಮೇಲಿನ ಸಿನಿಮಾ ಅದು. ನಾನು ಅದನ್ನು ‘ನೋಡಿ, ತೆಗೆಸಿಕೊಂಡವಳ ಗತಿ’ ಅಂತ ತಿರುಗಿಸಿದೆ. ಚಪ್ಪಾಳೆ ಬಿತ್ತು.

ಎದುರಾಳಿಯನ್ನು ಕೆಡವಲು ಕಾನೂನು ಬೇಕಲ್ಲ, ಅದನ್ನೂ ಬಾಯಿಪಾಠ ಮಾಡಿದ್ದೆ. ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯ 312ನೇ ಕಲಮಿನಲ್ಲಿ ಗರ್ಭಪಾತ ಮಾಡಿಸಿದವರಿಗೆ ಶಿಕ್ಷೆ, ಮಾಡಿಕೊಂಡ ಹೆಂಗಸಿಗೂ ಶಿಕ್ಷೆ. 1964ರಲ್ಲಿ ಶಾಂತಿಲಾಲ್ ಷಾ ಸಮಿತಿ. 1971ರಲ್ಲಿ ಸಂಸತ್ತಿನ ಕಾಯ್ದೆ, 1972ರ ಏಪ್ರಿಲ್ 1ರಿಂದ ಜಾರಿ. ಹನ್ನೆರಡು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಇಪ್ಪತ್ತು ವಾರದವರೆಗೆ ಇಬ್ಬರದ್ದು. ಮದುವೆಯಾದವಳು ಗರ್ಭನಿರೋಧಕ ಬಳಸಿಯೂ ಬಸಿರಾದರೆ ಅದೂ ಒಂದು ಕಾರಣ. ಹದಿನೆಂಟು ದಾಟಿದವಳಿಗೆ ಗಂಡನ ಒಪ್ಪಿಗೆ ಬೇಡ, ಅವಳದ್ದೇ ಸಾಕು. ಈ ಕೊನೆಯದನ್ನು ಹೇಳುವಾಗ ಸ್ವರ ಏರಿಸಿ ‘ಕೇಳಿದಿರಾ, ತಂದೆಗೂ ತಿಳಿಯದಂತೆ!’ ಅಂದಿದ್ದೆ. ಇಡೀ ಹೊನ್ನಾವರ ತಾಲೂಕಿನಲ್ಲಿ ಆ ವರ್ಷ ಈ ಕಾಯ್ದೆಯನ್ನು ನನ್ನಷ್ಟು ಚೆನ್ನಾಗಿ ಬಲ್ಲ ಹೆಂಗಸು ಇನ್ನೊಬ್ಬಳಿದ್ದಳೋ ಇಲ್ಲವೋ.

ಅದೇ ಆಷಾಢದಲ್ಲಿ ಅತ್ತಿಗೆ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆಯಿತು.

ಹವ್ಯಕ ಭಾಷೆ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಹೆಂಗಸರಿಗೆ ನಪುಂಸಕಲಿಂಗ. ಅಕ್ಕ ಬಂತು, ಆಯಿ ಹೋತು, ಅತ್ತಿಗೆ ಹೇಳ್ತು. ಪ್ರೀತಿಯ ಮಾತೇ ಅದು. ಹೊರಗಿನವರು ನಕ್ಕರೆ ನನಗೆ ಸಿಟ್ಟೂ ಬರುತ್ತದೆ. ಆದರೆ ವೇದಿಕೆಯ ಮೇಲೆ ಆರು ವಾರದ ಪಿಂಡಕ್ಕೆ ‘ನಾನು’ ಅನ್ನುವ ಬಾಯಿ ಕೊಟ್ಟು ಬಂದವಳಿಗೆ ಮನೆಯಲ್ಲಿ ಮೂರು ಹೆತ್ತ ಅತ್ತಿಗೆ ‘ಅದು’ ಆಗಿತ್ತು. ಇದು ಹೊಳೆಯಲು ಮೂವತ್ತು ವರ್ಷ ಬೇಕಾಯಿತು.

ಅತ್ತಿಗೆ ಅಂದರೆ ದೊಡ್ಡಪ್ಪನ ಮಗನ ಹೆಂಡತಿ. ಆಗ ಇಪ್ಪತ್ತೊಂಬತ್ತು ವರ್ಷ. ಅಣ್ಣ ಮುಂಬೈಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದ, ಅಡಿಕೆ ಕೊಯ್ಲಿಗೆ, ಚೌತಿಗೆ ಬಂದು ಹೋಗುತ್ತಿದ್ದ. ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಅಂತ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿದ್ದರೂ ನಮ್ಮ ಕಡೆ ‘ಆಪರೇಷನ್’ ಅಂದರೆ ತುರ್ತುಪರಿಸ್ಥಿತಿಯ ಕಾಲದ ಹೆದರಿಕೆ ಇನ್ನೂ ಹೋಗಿರಲಿಲ್ಲ. ಮೂರನೆಯದು ಹುಟ್ಟಿದಾಗ ಅತ್ತಿಗೆ ತಿಂಗಳಿಡೀ ಎದ್ದಿರಲಿಲ್ಲ, ಕಾಲು ಬಾತು ಕಂಬದಂತಾಗಿತ್ತು.

‘ತಂಗೀ, ನೀ ಓದಿದೋಳು. ಯಂಗೆ ಮತ್ತೆ ನಿಂತೋಜು. ಆಸ್ಪತ್ರೇಲಿ ತೆಗೆಸಲಾಗ್ತಡ, ಅದಕ್ಕೆ ಸರ್ಕಾರದ ಕಾಯ್ದೆ ಇದ್ದಡ, ಹೌದನೇ?’

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಎರಡು ತಿಂಗಳಷ್ಟೇ ಆಗಿತ್ತು. ಮದುವೆಯಾದವಳು, ಗರ್ಭನಿರೋಧಕ ಸೋತದ್ದು ಅನ್ನುವ ಕಾರಣ ಕಾಯ್ದೆಯಲ್ಲೇ ಇತ್ತು, ಜೀವಕ್ಕೆ ಅಪಾಯ ಅನ್ನುವುದೂ ಇತ್ತು. ನಾನು ಹೇಳಿದ್ದು: ‘ಹಾಂಗೆಲ್ಲ ಎಂತದೂ ಇಲ್ಲೆ ಅತ್ತಿಗೆ. ಜೈಲಿಗೆ ಹಾಕ್ತ.’

ಯಾಕೆ ಹೇಳಿದೆ? ಬಹಳ ಕಾಲ ನನಗೆ ನಾನೇ ಕೊಟ್ಟುಕೊಂಡ ಉತ್ತರ ‘ನಂಬಿಕೆ’. ಮಗುವನ್ನು ಉಳಿಸಲು ಆಡಿದ ಸುಳ್ಳು. ಈಗ ಅಷ್ಟು ದೊಡ್ಡ ಮಾತು ಬೇಡ ಅನಿಸುತ್ತದೆ. ಹೆದರಿಕೆಯಿತ್ತು: ನಾನೇ ದಾರಿ ತೋರಿಸಿದೆ ಅಂತ ದೊಡ್ಡಪ್ಪನಿಗೆ ಗೊತ್ತಾದರೆ ಕಾಲೇಜು ಬಿಡಿಸುತ್ತಿದ್ದರು. ಗೆದ್ದ ಸೊಕ್ಕೂ ಇತ್ತು. ಇಂಥ ಮಾತು ಕೇಳುವವರು ಜಾರಿದವರು, ಮೋಸಹೋದವರು ಅಂತ ನನ್ನ ಭಾಷಣದಲ್ಲಿತ್ತು. ಮೂರು ಮಕ್ಕಳ ತಾಯಿ, ಸಗಣಿಯ ಕೈ ತೊಳೆದುಕೊಂಡು, ದಣಿದು ಬಂದು ಕೇಳುತ್ತದೆ ಅಂತ ಎಲ್ಲೂ ಓದಿರಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಹೊಳೆಯಾಚೆಯ ಮುದುಕಿಯೊಬ್ಬಳು ಯಾವುದೋ ಬೇರು ಕೊಟ್ಟಳು. ಐದನೆಯ ದಿನ ಅತ್ತಿಗೆಗೆ ಚಳಿಜ್ವರ, ನಿಲ್ಲದ ರಕ್ತ. ಹೊಳೆ ತುಂಬಿ ತಾರಿದೋಣಿ ನಿಂತಿತ್ತು, ಬಸ್ಸೂ ಇರಲಿಲ್ಲ. ಕಂಬಳಿಯ ಜೋಲಿ ಕಟ್ಟಿ ನಾಲ್ಕು ಜನ ಹೊತ್ತು ಟಾರು ರಸ್ತೆಗೆ ತಂದರು, ಅಲ್ಲಿಂದ ಹಂಚು ತುಂಬಿದ ಲಾರಿ. ಜೀವ ಉಳಿಯಿತು. ಗರ್ಭಕೋಶ ತೆಗೆಯಬೇಕಾಯಿತು. ಊರಿಗೆಲ್ಲ ಹೇಳಿದ್ದು ‘ಗರ್ಭ ಇಳಿದೋತು’ ಅಂತ. ತಾನಾಗಿ ಹೋದದ್ದಕ್ಕೂ ತೆಗೆಸಿದ್ದಕ್ಕೂ ಕನ್ನಡದಲ್ಲಿ ‘ಗರ್ಭಪಾತ’ ಅನ್ನುವ ಒಂದೇ ಪದ ಸಲ್ಲುವುದು ಎಷ್ಟು ಮನೆಗಳ ಮಾನ ಕಾದಿದೆಯೋ.

ಆಸ್ಪತ್ರೆಗೆ ದಿನಾ ಗಂಜಿ ಒಯ್ಯುವ ಕೆಲಸ ನನ್ನದಾಯಿತು. ಮನೆಯಲ್ಲಿ ಬಿಗಿ ಮುಚ್ಚಳದ ಪಾತ್ರೆ ಇದ್ದದ್ದು ಒಂದೇ, ನನ್ನ ಬಹುಮಾನದ ಡಬ್ಬ. ಆಯಿ ಅದರಲ್ಲೇ ತುಂಬಿ ಕೊಡುತ್ತಿತ್ತು. ಆ ವಾರ್ಡಿನಲ್ಲಿ ಒಬ್ಬರು ಕ್ರಿಶ್ಚಿಯನ್ ನರ್ಸ್ ಇದ್ದರು, ಕೊಂಕಣಿ ಮನೆಮಾತಿನವರು, ಕೊರಳಲ್ಲಿ ಸಣ್ಣ ಶಿಲುಬೆ. ರಾತ್ರಿಯೆಲ್ಲ ಕೂತು ಒದ್ದೆ ಬಟ್ಟೆ ಹಾಕಿ ಜ್ವರ ಇಳಿಸಿದ್ದು ಅವರೇ. ಒಂದು ಬೆಳಿಗ್ಗೆ ನಾನು ಡಬ್ಬ ಹಿಡಿದು ನಿಂತಿರುವಾಗ ಅತ್ತಿಗೆಯ ತಲೆ ಬಾಚುತ್ತಾ ಹೇಳಿದರು: ‘ಯಾಕಮ್ಮ ಹೀಗೆ ಮಾಡ್ಕೊಂಡ್ರಿ? ನಾನಂತೂ ಇದನ್ನ ಒಪ್ಪೋದಿಲ್ಲ, ನಮ್ಮ ಧರ್ಮದಲ್ಲಿ ದೊಡ್ಡ ಪಾಪ. ಆದ್ರೆ ಸರ್ಕಾರಿ ಆಸ್ಪತ್ರೇಲಿ ಕೇಳ್ಬಹುದಿತ್ತಲ್ಲ. ಕಾನೂನು ಉಂಟಲ್ಲ.’

ಅತ್ತಿಗೆ ನನ್ನನ್ನು ನೋಡಿತು. ಏನೂ ಹೇಳಲಿಲ್ಲ. ನಾನು ಡಬ್ಬವನ್ನು ಸ್ಟೂಲಿನ ಮೇಲಿಟ್ಟು ಹೊರಗೆ ಬಂದೆ. ಡಬ್ಬ ಅಲ್ಲೇ ಉಳಿಯಿತು, ಅತ್ತಿಗೆಯ ಜತೆ ಅವರ ಮನೆಗೆ ಹೋಯಿತು. ವಾಪಸು ಕೇಳುವ ಮುಖ ನನಗಿರಲಿಲ್ಲ.

ಆ ನರ್ಸ್ ಮತ್ತು ನಾನು ಒಂದೇ ಪಕ್ಷದವರು. ಅವರು ಕೊನೆಯವರೆಗೂ ಅದೇ ಪಕ್ಷದಲ್ಲಿದ್ದರು ಅಂತ ಕಾಣುತ್ತದೆ. ಸುಳ್ಳು ಮಾತ್ರ ಹೇಳಲಿಲ್ಲ. ಇವತ್ತು ಗರ್ಭಪಾತ ವಿರೋಧಿಗಳೆಲ್ಲ ಕ್ರೂರಿಗಳು ಅಂತ ಯಾರಾದರೂ ನನ್ನೆದುರು ಭಾಷಣ ಶುರುಮಾಡಿದರೆ ಆ ಬಾಚಣಿಗೆ ಕಣ್ಣ ಮುಂದೆ ಬರುತ್ತದೆ.

ಇಷ್ಟಾದ ಮೇಲೆ ನಾನು ಬದಲಾದೆ ಅಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ತಪ್ಪು ಮಾಡಿದವರು ತಕ್ಷಣ ಬದಲಾಗುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತಾರೆ. 1990ರಲ್ಲಿ ಭಟ್ಕಳದಲ್ಲಿ ಹೈಸ್ಕೂಲು ನೌಕರಿ ಸಿಕ್ಕಿತು. ಪ್ರತಿಭಾ ಸ್ಪರ್ಧೆಗೆ ಮಕ್ಕಳಿಗೆ ಅದೇ ‘ಅಮ್ಮಾ’ ಏಕಪಾತ್ರಾಭಿನಯ ನಾನೇ ಕಲಿಸಿದ್ದೇನೆ. ಕುಮಟಾದ ಆ ಹುಡುಗಿಯ ತಾಯಿಗೆ ನಾನೇ ಹೇಳಿಕೊಟ್ಟಿದ್ದರೂ ಆಶ್ಚರ್ಯವಿಲ್ಲ.

ಭಟ್ಕಳದಲ್ಲಿ ಬಾಡಿಗೆ ಮನೆಯ ಪಕ್ಕ ನವಾಯತರ ಮನೆ. ಗಂಡ ದುಬೈಯಲ್ಲಿ. ಹೆಂಡತಿ ನನ್ನ ವಯಸ್ಸಿನವಳು, ಮಲ್ಲಿಗೆ ಕಾಲದಲ್ಲಿ ದಿನಾ ಒಂದು ಮೊಳ ಭಟ್ಕಳ ಮಲ್ಲಿಗೆ ಗೋಡೆಯ ಮೇಲಿಂದ ಕೊಡುತ್ತಿದ್ದಳು. ಒಂದು ಸಂಜೆ ಏನೋ ಮಾತಿಗೆ ಮಾತು ಬಂದು ಹೇಳಿದಳು: ‘ನಮ್ಮಲ್ಲಿ ನೂರಿಪ್ಪತ್ತು ದಿನ ಅಂತ ಒಂದು ಲೆಕ್ಕ ಉಂಟು ಟೀಚರ್. ಆಮೇಲೆ ರೂಹ್ ಬರೋದು. ಅದಕ್ಕೆ ಮೊದಲು ಕಾರಣ ಇದ್ರೆ ಆಗ್ತದೆ ಅನ್ನೋ ಆಲಿಮರೂ ಉಂಟು, ಕೂಡದು ಅನ್ನೋರೂ ಉಂಟು.’ ಹೇಳಿ, ಏನೂ ಆಗಲಿಲ್ಲವೆನ್ನುವಂತೆ ಒಣಗಿದ ಬಟ್ಟೆ ತೆಗೆಯತೊಡಗಿದಳು.

ನನಗೆ ಅಜ್ಜನ ಲೆಕ್ಕ ನೆನಪಾಯಿತು. ಆಶೌಚದ, ಅಂದರೆ ಸೂತಕದ, ಲೆಕ್ಕ ಕೇಳಲು ಊರವರು ಅಜ್ಜನ ಹತ್ತಿರ ಬರುತ್ತಿದ್ದರು. ನಾಲ್ಕು ತಿಂಗಳ ಒಳಗೆ ಹೋದರೆ ‘ಸ್ರಾವ’, ಐದು-ಆರರಲ್ಲಿ ‘ಪಾತ’, ಆಮೇಲೆ ‘ಪ್ರಸವ’. ಸ್ರಾವಕ್ಕೆ ತಾಯಿಗೆ ಎಷ್ಟು ತಿಂಗಳೋ ಅಷ್ಟು ರಾತ್ರಿ. ಭ್ರೂಣಹತ್ಯೆಯನ್ನು ಮಹಾಪಾಪದ ಸಾಲಿನಲ್ಲಿಟ್ಟ ಅದೇ ಶಾಸ್ತ್ರ, ಎರಡು ತಿಂಗಳದ್ದೂ ಏಳು ತಿಂಗಳದ್ದೂ ಒಂದೇ ಅಲ್ಲ ಅಂತಲೂ ಬಲ್ಲದು. ಅಜ್ಜನಿಗೆ ಗೊತ್ತಿತ್ತು, ಪಕ್ಕದ ಮನೆಯವಳಿಗೆ ಗೊತ್ತಿತ್ತು, ನನ್ನ ನಾಲ್ಕು ನಿಮಿಷದ ಭಾಷಣಕ್ಕೆ ಗೊತ್ತಿರಲಿಲ್ಲ.

ಅದೇ ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರಿಗೆ ಇಬ್ಬರು ಹೆಣ್ಣುಮಕ್ಕಳು. ಮೂರನೆಯ ಸಲ ಬಸಿರಾದಾಗ ವಾರದ ರಜೆ ಹಾಕಿ ಎಲ್ಲೋ ಹೋಗಿ ಬಂದರು. ಬಂದ ಮೇಲೆ ಬಸಿರಿರಲಿಲ್ಲ. ಮುಂದಿನ ವರ್ಷ ಮತ್ತೆ ರಜೆ, ಆಗ ಗಂಡು ಹುಟ್ಟಿತು, ಸ್ಟಾಫ್‌ರೂಮಿಗೆ ಪೇಡೆ ಬಂತು. ಲಿಂಗಪತ್ತೆ ತಡೆ ಕಾಯ್ದೆ 1994ರಲ್ಲೇ ಆಗಿತ್ತು, ಸ್ಕ್ಯಾನಿಂಗ್ ಕೋಣೆಗಳ ಬಾಗಿಲಲ್ಲಿ ಬೋರ್ಡೂ ಇತ್ತು. ಎಲ್ಲರಿಗೂ ಅರ್ಥವಾಗಿತ್ತು, ಯಾರೂ ಕೇಳಲಿಲ್ಲ, ನಾನೂ ಪೇಡೆ ತಿಂದೆ. ಯಾವುದಕ್ಕೆ ಕಾನೂನು ಕೂಡದು ಅಂದಿತ್ತೋ ಅದಕ್ಕೆ ದಾರಿ ಎಲ್ಲರಿಗೂ ಗೊತ್ತಿತ್ತು. ಯಾವುದಕ್ಕೆ ಆಗಬಹುದು ಅಂದಿತ್ತೋ ಅದನ್ನು ಅತ್ತಿಗೆ ಕೊಟ್ಟಿಗೆಯ ಹಿಂದೆ ನಿಂತು ಪಿಸುಮಾತಿನಲ್ಲಿ ಕೇಳಬೇಕಾಯಿತು. ಮೊನ್ನೆ 2023ರಲ್ಲಿ ಮಂಡ್ಯದ ಕಡೆ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ದಂಧೆ ಮಾಡುತ್ತಿದ್ದವರು ಸಿಕ್ಕಿಬಿದ್ದಾಗಲೂ ಪತ್ರಿಕೆಗಳ ತಲೆಬರಹ ‘ಭ್ರೂಣಹತ್ಯೆ’. ಆ ಪದಕ್ಕೆ ಅದು ತಕ್ಕ ಜಾಗವೇ. ಆದರೆ ಅದೇ ಪದ ಅತ್ತಿಗೆಯ ಮೇಲೂ ಬೀಳುತ್ತದೆ, ಹಾಗಾಗಿ ಎರಡೂ ಅಪರಾಧವೇ ಅಂತ ನಂಬಿದ ಹೆಂಗಸರು ಈಗಲೂ ಬೇಕಾದಷ್ಟು.

ನನ್ನನ್ನು ಕೊನೆಗೆ ಕದಲಿಸಿದ್ದು ಸವಿತಾ ಹಾಲಪ್ಪನವರ್. ಬೆಳಗಾವಿಯ ಹುಡುಗಿ, ದಂತವೈದ್ಯೆ, 31 ವರ್ಷ. ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ ಹದಿನೇಳು ವಾರದ ಗರ್ಭ ಉಳಿಯುವುದಿಲ್ಲ ಅಂತ ಖಾತ್ರಿಯಾಗಿತ್ತು. ತೆಗೆಯಿರಿ ಅಂತ ಕೇಳಿಕೊಂಡರೂ ಪಿಂಡದ ಎದೆಬಡಿತ ಇದೆ ಅನ್ನುವ ಕಾರಣಕ್ಕೆ ತೆಗೆಯಲಿಲ್ಲ. ನಂಜು ರಕ್ತಕ್ಕೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡಳು. ನವೆಂಬರಿನಲ್ಲಿ ಸುದ್ದಿ ಬಂದಾಗ ನಮ್ಮ ಸ್ಟಾಫ್‌ರೂಮು ಕುದಿಯಿತು. ಇದೊಂದು ಕ್ಯಾಥೊಲಿಕ್ ದೇಶ ಅಂದರಂತೆ, ಎಂಥ ಕಟುಕರು, ನಮ್ಮ ದೇಶವೇ ವಾಸಿ, ನಮ್ಮಲ್ಲಿ 1971ರಲ್ಲೇ ಕಾಯ್ದೆ ಆಗಿದೆ. ಎಲ್ಲರ ಜತೆ ನಾನೂ ತಲೆಯಾಡಿಸುತ್ತಿದ್ದೆ, ಅರ್ಧಕ್ಕೇ ಕುತ್ತಿಗೆ ನಿಂತಿತು. ಅಲ್ಲಿ ಕಾನೂನು ಇರಲಿಲ್ಲ. ಇಲ್ಲಿ ಇತ್ತು, ಇಲ್ಲ ಅಂದವಳು ನಾನು. ಅವತ್ತು ಮಧ್ಯಾಹ್ನದ ಪೀರಿಯಡ್ಡಿಗೆ ಮಕ್ಕಳಿಗೆ ಪ್ರಬಂಧ ಬರೆಯಲು ಹೇಳಿ ಕಿಟಕಿಯ ಹತ್ತಿರ ನಿಂತುಬಿಟ್ಟೆ.

2018ರ ಮೇ 25ರಂದು ಐರ್ಲೆಂಡಿನ ಜನ ಮತ ಹಾಕಿ, ನೂರಕ್ಕೆ 66ರಷ್ಟು ಮಂದಿ ಒಪ್ಪಿ, ಗರ್ಭಪಾತದ ಮೇಲಿನ ನಿಷೇಧವನ್ನು ಸಂವಿಧಾನದಿಂದ ತೆಗೆದರು. ಡಬ್ಲಿನ್ನಿನ ಗೋಡೆಯ ಮೇಲೆ ನಮ್ಮ ಕನ್ನಡದ ಹುಡುಗಿಯ ದೊಡ್ಡ ಚಿತ್ರ, ಕೆಳಗೆ ಜನ ಅಂಟಿಸಿದ ಚೀಟಿಗಳು. ಆ ಫೋಟೊ ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಅದಕ್ಕೂ ಒಂದು ವರ್ಷ ಮೊದಲು ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಇಪ್ಪತ್ತೆರಡು ವರ್ಷ, ಮದುವೆಯಾಗಿಲ್ಲ, ಒಂಬತ್ತು ವಾರ. ಚಾ ಮಾಡುವ ನೆಪದಲ್ಲಿ ಒಳಗೆ ಹೋಗಿ ಒಂದು ನಿಮಿಷ ಗೋಡೆ ಹಿಡಿದು ನಿಂತೆ. ಆಮೇಲೆ ಬಂದು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ, ಒಂದೂ ಬಿಡದೆ. ಎರಡು ತಾಲೂಕು ದಾಟಿ ಒಂದು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ‘ಗಂಡನ ಸಹಿ?’ ಅಂತ ಇಡೀ ಹಾಲಿಗೆ ಕೇಳುವಂತೆ ಕೂಗಿದರು. ಬೇಕಿಲ್ಲ, ಕಾನೂನು ಹಾಗೆ ಹೇಳುವುದಿಲ್ಲ ಅಂದೆ. ‘ನೀವು ಯಾರು?’ ಅಂದರು. ದೊಡ್ಡಮ್ಮ ಅಂದೆ. ಆ ರಾತ್ರಿ ಅವಳು ನನ್ನ ಮನೆಯಲ್ಲಿ ಮೂರು ದೋಸೆ ತಿಂದು ಮಲಗಿದಳು, ನನಗೆ ಊಟ ಸೇರಲಿಲ್ಲ. ಹೊಟ್ಟೆಯೊಳಗಿನದು ಏನೂ ಅಲ್ಲ ಅಂತ ಹೇಳಲು ನನಗೆ ಇವತ್ತಿಗೂ ಬಾಯಿ ಬಾರದು. ಏನೋ ಒಂದು ಹೋಗುತ್ತದೆ. ಅದು ಹೋಗಬೇಕೋ ಉಳಿಯಬೇಕೋ ಅಂತ ಹೇಳುವುದು ಹೊರುವವಳ ಪಾಲಿಗೆ ಬಿಟ್ಟದ್ದು, ನನ್ನ ಪಾಲಿಗಲ್ಲ. ನನ್ನ ಪಕ್ಷಾಂತರ ಅಂದರೆ ಇಷ್ಟೇ.

ಈಗ ಕಾನೂನು ಇನ್ನೂ ಮುಂದೆ ಹೋಗಿದೆ. 2021ರ ತಿದ್ದುಪಡಿಯಲ್ಲಿ ‘ಗಂಡ’ ಅನ್ನುವಲ್ಲಿ ‘ಸಂಗಾತಿ’ ಬಂತು, ಕೆಲವು ಬಗೆಯ ಹೆಂಗಸರಿಗೆ 24 ವಾರದವರೆಗೆ ಅವಕಾಶವಾಯಿತು. ಮದುವೆಯಾಗದವರಿಗೂ ಅದು ಸಲ್ಲುತ್ತದೆ ಅಂತ 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ ಬ್ಯಾನರಿನಲ್ಲಿದ್ದ ‘ಹಕ್ಕು’ ಅನ್ನುವ ಮಾತು ಕಾಯ್ದೆಯಲ್ಲಿಲ್ಲ. ಅಲ್ಲಿರುವುದು ವೈದ್ಯರ ಅಭಿಪ್ರಾಯ. ಹಳೆಯ 312ನೇ ಕಲಮು ಹೊಸ ನ್ಯಾಯಸಂಹಿತೆಯಲ್ಲಿ 88 ಆಗಿ ಕೂತಿದೆ. ಇನ್ನು ವೈದ್ಯರಾದರೂ ಎಲ್ಲಿ? ಹೆಚ್ಚಿನ ಚಿಕಿತ್ಸೆ ಅಂದರೆ ನಮ್ಮ ಕರಾವಳಿಯವರಿಗೆ ಇವತ್ತಿಗೂ ಜಿಲ್ಲೆ ದಾಟಿ ಕುಂದಾಪುರ, ಮಣಿಪಾಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಜಾರಿ ಬಡಿದು ನಾಲ್ವರು ಸತ್ತದ್ದು ಇದೇ ದಾರಿಯಲ್ಲಿ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಬೀದಿಗಿಳಿದಾಗ ನಾನೂ ಹೋಗಿ ನಿಂತಿದ್ದೆ. ಕಂಬಳಿ ಜೋಲಿ ಹೋಗಿ ಆಂಬುಲೆನ್ಸ್ ಬಂದಿದೆ, ದಾರಿ ಮಾತ್ರ ಹಾಗೇ ಉದ್ದವಿದೆ.

ಕುಮಟಾದ ಸ್ಪರ್ಧೆಗೆ ಬರುತ್ತೇನೆ. ಪರವಾಗಿ ಮಾತಾಡಿದ ಹುಡುಗ ಅಮೆರಿಕದ 2022ರ ತೀರ್ಪಿನ ಮೇಲೆ ಮೂರು ನಿಮಿಷ ಕಳೆದ. ಇಲ್ಲಿಯ ತಾಲೂಕು ಆಸ್ಪತ್ರೆಯಲ್ಲಿ ಏನು ಸಿಗುತ್ತದೆ ಅನ್ನುವುದು ಎರಡೂ ಪಕ್ಷದ ಬಾಯಲ್ಲಿ ಬರಲಿಲ್ಲ. ಆ ‘ಅಮ್ಮಾ’ ಹುಡುಗಿಯೇ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ್ದಳು. ಮೊದಲ ಬಹುಮಾನ ಅವಳಿಗೇ ಕೊಟ್ಟೆ. ಕಾಲಿಗೆರಗಲು ಬಂದವಳನ್ನು ಕೇಳಿದೆ: ‘ಇಪ್ಪತ್ತು ವಾರ ಅಂದೆಯಲ್ಲ ಮಗಾ, ಈಗ ಬದಲಾಗಿದೆ ಗೊತ್ತುಂಟಾ?’

‘ಗೊತ್ತುಂಟು ಮೇಡಂ, ಇಪ್ಪತ್ನಾಲ್ಕು. ಅದನ್ನ ಹೇಳಿದ್ರೆ ಯಾರ‍್ಯಾರಿಗೆ, ಯಾಕೆ ಅಂತೆಲ್ಲ ಹೇಳ್ಬೇಕಾಗ್ತದೆ. ನನ್ನ ಪಾಯಿಂಟು ಬಿದ್ದೋಗ್ತದೆ.’

ಅವಳು ನಕ್ಕಳು. ನಾನು ಏನೂ ಹೇಳದೆ ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮುಂದಿನ ಭಾನುವಾರ ಊರಿಗೆ ಹೋದೆ. ಅತ್ತಿಗೆಗೆ ಈಗ ಎಪ್ಪತ್ತರ ಹತ್ತಿರ. ಮಂಡಿನೋವು, ಕಣ್ಣು ಚುರುಕಾಗಿದೆ. ಮಕ್ಕಳು ಬೆಂಗಳೂರು, ಪುಣೆ. ನಲವತ್ತು ವರ್ಷ ಮದುವೆ-ಮುಂಜಿ-ತಿಥಿಗಳಲ್ಲಿ ನಾವು ಪಕ್ಕಪಕ್ಕ ಕೂತು ಉಂಡಿದ್ದೇವೆ, ಇದೊಂದು ಮಾತು ಎತ್ತಿಲ್ಲ. ಅಡುಗೆಮನೆಯಲ್ಲಿ ತಂಬುಳಿಗೆ ಕಾಯಿ ತುರಿಯುತ್ತಾ ಕೂತಿತ್ತು. ನಾನೇ ಎತ್ತಿದೆ. ಅವತ್ತು ಸುಳ್ಳು ಹೇಳಿದ್ದೆ ಅತ್ತಿಗೆ, ಅಂದೆ. ಕೈ ನಿಲ್ಲಲಿಲ್ಲ.

‘ಗೊತ್ತಿದ್ದು. ನೀ ಹೇಳಕಾರೇ ಗೊತ್ತಾಗಿತ್ತು. ಸುಳ್ಳು ಹೇಳಿರೆ ನಿನ್ನ ಕಿವಿ ಕೆಂಪಾಗ್ತು, ಸಣ್ಣಿಪ್ಪಾಗಿಂದ.’ ಮತ್ತೆ ಎರಡು ಸಲ ತುರಿದು, ‘ಆದ್ರೆ ಮತ್ಯಾರ ಹತ್ರ ಕೇಳದಾಗಿತ್ತೇ?’

ಹೊರಡುವಾಗ ಅಟ್ಟದಿಂದ ಡಬ್ಬ ಇಳಿಸಿ ಹಲಸಿನ ಹಪ್ಪಳ ತುಂಬಿಸಿತು. ಮುಚ್ಚಳದ ಅಕ್ಷರ ತಿಕ್ಕಿ ತಿಕ್ಕಿ ಸವೆದಿದ್ದವು. ‘ಪ್ರಥಮ’ ಹೋಗಿ ಇಸವಿ ಮಾತ್ರ ಕಾಣುತ್ತಿತ್ತು. ಇದು ನನ್ನದೇ ಅಲ್ಲವಾ, ಅಂತ ಅರ್ಧ ನಗುತ್ತಾ ಅಂದೆ.

‘ಹಪ್ಪಳ ಖಾಲಿ ಆದ್ಮೇಲೆ ವಾಪಸು ತಂದ್ಕೊಡು’ ಅಂತು ಅತ್ತಿಗೆ. ‘ಬಿಗಿ ಮುಚ್ಚಳದ್ದು ಇದೊಂದೇಯ.’